ನಿಮ್ಮ ‘ಮೊದಲ ಹೆಸರು’ ಯಾವುದು?

ಕೇಳುಗರಿಗೆ ನಮಸ್ಕಾರ.

ಅರ್ಜಿಗಳಲ್ಲಿ ‘ಫಸ್ಟ್ ನೇಮ್’ ಅಂತ ಒಂದು ಕಲಂ ಇರುತ್ತದೆ. ಅದನ್ನು ‘ಮೊದಲ ಹೆಸರು’ ಅಂದುಕೊಂಡಲ್ಲೇ ತೊಡಕು ಶುರು.

ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಇದು ಧಾರವಾಡದ ಕಡೆಯ ಕ್ರಮ: ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಮನೆತನದ್ದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಇಲ್ಲಿ ಮೊದಲು ಊರು, ಆಮೇಲೆ ತಂದೆ, ತನ್ನ ಹೆಸರು ಕಟ್ಟಕಡೆಗೆ. ಬೇಂದ್ರೆಯವರ ಲೆಕ್ಕದಲ್ಲಿ ಕುವೆಂಪು ಅವರ ಅರ್ಜಿ ತುಂಬಿದರೆ ‘ಕುಪ್ಪಳಿ’ ಎಂಬ ಊರೇ ಮನುಷ್ಯನಾಗಿಬಿಡುತ್ತದೆ! ಮಾತಿನಲ್ಲೂ ವ್ಯತ್ಯಾಸವಿದೆ. ಹುಬ್ಬಳ್ಳಿಯಲ್ಲಿ ‘ಅಡ್ಡಹೆಸರು’ ಅಂದರೆ ಮನೆತನದ ಹೆಸರು. ಮೈಸೂರಿನ ಕಡೆ ಅನೇಕರಿಗೆ ಅದು ತಮಾಷೆಗೆ ಕರೆಯುವ ಹೆಸರು.

ಬ್ರಿಟನ್ನಿನಲ್ಲಿ ಬಹುಕಾಲ ವ್ಯಕ್ತಿಯ ಸ್ವಂತ ಹೆಸರಿಗೆ ‘ಕ್ರಿಶ್ಚಿಯನ್ ನೇಮ್’ ಅನ್ನುತ್ತಿದ್ದರು, ಅಂದರೆ ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರು. ಯೆಹೂದಿಗೆ, ಮುಸಲ್ಮಾನರಿಗೆ, ಹಿಂದೂಗಳಿಗೆ ಅದು ಹೇಗೆ ಹೊಂದೀತು? ‘ಫೋರ್‌ನೇಮ್’, ‘ಫಸ್ಟ್ ನೇಮ್’ ಅಂದರೆ ಧರ್ಮದ ತೊಡಕು ತಪ್ಪಿತು, ಆದರೆ ಜಾಗದ ತೊಡಕು ಉಳಿಯಿತು. ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ. ತಮ್ಮ ಹೆಸರಿಗೆ ಅವರ ಪದ ‘ಉತೋನೇವ್’, ‘ಹಿಂದೆ ಬರುವ ಹೆಸರು’.

ನನಗೆ ಸರಿ ಕಾಣುವುದು ಪಾಸ್‌ಪೋರ್ಟಿನ ‘ಗಿವನ್ ನೇಮ್’. ಕನ್ನಡದಲ್ಲಿ ಅದು ಮೊದಲೇ ಇದೆ: ಇಟ್ಟ ಹೆಸರು. ನಾಮಕರಣದಲ್ಲಿ ಅಕ್ಕಿ ಹರಡಿದ ತಟ್ಟೆಯ ಮೇಲೆ ಉಂಗುರದಿಂದ ಮಾಸನಾಮ, ನಕ್ಷತ್ರನಾಮ ಅಂತ ಹಲವು ಬರೆದರೂ ಅರ್ಜಿಗೆ ಬೇಕಾದ್ದು ವ್ಯಾವಹಾರಿಕ ನಾಮ ಒಂದೇ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮನೆತನದ ಹೆಸರಿಲ್ಲದವರು ‘ಸರ್‌ನೇಮ್’ ಖಾಲಿ ಬಿಡಬಹುದು, ಆದರೆ ಮುಂದೆ ಅದೇ ಕಾಡುತ್ತದೆ. ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಬರುತ್ತದೆ. 2022ರ ನವೆಂಬರಿನಲ್ಲಿ ಯುಎಇ ಕೂಡ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶ ನಿರಾಕರಿಸಿತು; ಒಳಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿತು.

ಹಾಗಾಗಿ ಮಗುವಿನ ಜನನ ಪ್ರಮಾಣಪತ್ರ ಮಾಡಿಸುವಾಗಲೇ ಎರಡು ಪದ ಇರಲಿ, ಊರೋ ತಂದೆಯ ಹೆಸರೋ ಪೂರ್ತಿ ಬಿಡಿಸಿ. ಶಾಲೆಯ ದಾಖಲಾತಿಗೂ ಆಧಾರ್‌ಗೂ ಅದೇ ಅಕ್ಷರ, ಅದೇ ಕ್ರಮ.

ನಮಸ್ಕಾರ.