ಮೆಂತ್ಯಕ್ಕೂ ಕಾಫಿಗೂ ಏನು ನಂಟು?

ಕೊಡಗಿನ ಕೇಳುಗರಿಗೆ ನಮಸ್ಕಾರ.

ಮೆಂತ್ಯ ನಮ್ಮ ಮಳೆನಾಡಿನ ಬೆಳೆಯಲ್ಲ. ಅಂಗಡಿಗೆ ಬರುವ ಕಾಳು ಹೆಚ್ಚಾಗಿ ರಾಜಸ್ಥಾನದ ಕಡೆಯದ್ದು. ಆದರೂ ನಮ್ಮ ತೋಟದ ಕಾಫಿಗೂ ಅದಕ್ಕೂ ಒಂದು ನಂಟಿದೆ. ಎರಡರಲ್ಲೂ ಟ್ರೈಗೊನೆಲಿನ್ ಎಂಬ ಕಹಿ ಅಂಶ ಇದೆ. ಅದು ಮೊದಲು ಸಿಕ್ಕಿದ್ದು ಮೆಂತ್ಯದಲ್ಲಿ, 1885ರಲ್ಲಿ. ಹಸಿ ಕಾಫಿ ಬೀಜದಲ್ಲಿ ಇದು ನೂರಕ್ಕೆ ಸುಮಾರು ಒಂದು ಪಾಲು. ಬೀಜ ಹುರಿದಾಗ ಒಡೆದು, ಸ್ವಲ್ಪ ಭಾಗ ನಯಾಸಿನ್, ಅಂದರೆ ಬಿ3 ಜೀವಸತ್ವ ಆಗುತ್ತದೆ. ಹುರಿದ ಕಾಫಿಯ ಘಮಕ್ಕೂ ಇದರ ಪಾಲಿದೆ.

ಸಕ್ಕರೆ ಕಾಯಿಲೆಯವರು ಮೆಂತ್ಯ ಹುಡುಕುವುದು ಮಾತ್ರ ಬೇರೆ ಕಾರಣಕ್ಕೆ. ರಾತ್ರಿ ಒಂದು ಚಮಚ ಕಾಳು ನೆನೆಹಾಕಿ. ಬೆಳಿಗ್ಗೆ ಒಂದು ಕಾಳನ್ನು ಎರಡು ಬೆರಳ ನಡುವೆ ಹಿಸುಕಿ ನೋಡಿ, ಜಾರುವ ಲೋಳೆ ಅಂಟುತ್ತದೆ. ಅದು ಗ್ಯಾಲಕ್ಟೊಮನ್ನಾನ್ ಎಂಬ ನಾರು. ಹೊಟ್ಟೆಯಲ್ಲಿ ಈ ಲೋಳೆ ಊಟದ ಜೊತೆ ಬೆರೆತು ಗಟ್ಟಿಯಾಗುತ್ತದೆ. ಆಗ ಅನ್ನದ, ಕಡಂಬುಟ್ಟಿನ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗುವುದಿಲ್ಲ, ನಿಧಾನವಾಗಿ ಸೇರುತ್ತದೆ. ಕಾಳಲ್ಲಿ 4-ಹೈಡ್ರಾಕ್ಸಿ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲವೂ ಇದೆ. ಅದು ಇನ್ಸುಲಿನ್ ಹೊರಬರಲು ನೆರವಾಗುವುದು ಪ್ರಯೋಗಾಲಯದಲ್ಲಿ ಕಂಡಿದೆ.

ಆದರೆ ಒಂದು ಲೆಕ್ಕ ಗಮನಿಸಿ. ಗುಣ ಕಂಡ ಅಧ್ಯಯನಗಳಲ್ಲಿ ದಿನಕ್ಕೆ 25 ರಿಂದ 100 ಗ್ರಾಂ ಮೆಂತ್ಯದ ಪುಡಿ ಕೊಟ್ಟದ್ದಿದೆ. ನಮ್ಮ ಒಂದು ಟೀ ಚಮಚದಲ್ಲಿ ಹಿಡಿಯುವುದು ನಾಲ್ಕೈದು ಗ್ರಾಂ. ಸಾರಿನ ಒಗ್ಗರಣೆಗೆ ನಾಲ್ಕು ಕಾಳು ಬಿದ್ದರೆ ಶುಗರ್ ಇಳಿಯುತ್ತದೆ ಅನ್ನುವುದು ಸುಮ್ನೆ ಮಾತು, ಅಲ್ವಾ?

ಇನ್ನು ವಾಸನೆ. ಮೆಂತ್ಯ ಜಾಸ್ತಿ ತಿಂದರೆ ಬೆವರಿಗೂ ಮೂತ್ರಕ್ಕೂ ಸಿಹಿಯಾದ ವಾಸನೆ ಬರುತ್ತದೆ. ಅದಕ್ಕೆ ಸೊಟೊಲೋನ್ ಎಂಬ ಅಂಶ ಕಾರಣ. ನಮ್ಮವರಿಗೆ ಇದು ಹೊಸದೇನಲ್ಲ. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡ ಮೇಲೆ ಮೂತ್ರ ಕೆಂಪಾದರೆ ಯಾರೂ ಗಾಬರಿಯಾಗುವುದಿಲ್ಲ. ಇದೂ ಹಾಗೇ, ಹೆದರಬೇಡಿ.

ಹೆದರಬೇಕಾದದ್ದು ಬೇರೆ ಇದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಜೊತೆಗೆ ಮೆಂತ್ಯದ ಪುಡಿಯನ್ನೂ ಮುಕ್ಕಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಬಸುರಿಯರಿಗೆ ಅಡುಗೆಗೆ ಹಾಕುವಷ್ಟು ಸಾಕು, ಔಷಧಿಯಂತೆ ಬೇಡ. ಕಡಲೆ, ಶೇಂಗಾ ಮೈಗೆ ಒಗ್ಗದವರಿಗೆ ಮೆಂತ್ಯವೂ ಒಗ್ಗದಿರಬಹುದು. ಅವೆಲ್ಲ ಒಂದೇ ಕುಟುಂಬದ ಗಿಡಗಳು.

ನಮಸ್ಕಾರ.