ಮಣೂಕ, ರೇಸಿನ್ಸ್ ಮತ್ತು ನನ್ನ ಆರನೆಯ ಸೆಮಿಸ್ಟರ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ತಿಕೋಟಾದಿಂದ ವಿಜಯಪುರಕ್ಕೆ ಬರುವ ಬೆಳಗಿನ ಬಸ್ಸಿನ ಕಿಟಕಿ. ಹಿಂದಕ್ಕೆ ಸರಿಯುತ್ತಿರುವ ಆ ಹಸಿರು ಪರದೆಯ ಶೆಡ್‌ಗಳಲ್ಲೆಲ್ಲ ಈ ತಿಂಗಳು ದ್ರಾಕ್ಷಿ ಒಣಗುತ್ತಿದೆ. ಅವುಗಳಲ್ಲಿ ನಮ್ಮದೂ ಒಂದು. ಸಂಜೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ನಾನು ಅಂತರರಾಷ್ಟ್ರೀಯ ವ್ಯಾಪಾರ ಅರ್ಥಶಾಸ್ತ್ರವನ್ನು ಪದವಿಯಲ್ಲಿ ಓದುತ್ತಿದ್ದೇನೆ, ಇದು ಕೊನೆಯ ಸೆಮಿಸ್ಟರ್. ಊರಿನಲ್ಲಿ ಪಿಯುಸಿ ಮುಗಿಸಿದ ಮಕ್ಕಳು ಎದುರಾದಾಗಲೆಲ್ಲ, “ಅಕ್ಕಾ, ಆ ಕೋರ್ಸಿನ್ಯಾಗ ಏನ ಕಲಸ್ತಾರ?” ಎಂದು ಕೇಳುತ್ತಾರೆ. ಬಸ್ ನಿಲ್ದಾಣದಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅದಲ್ಲವಾದ್ದರಿಂದ ಇಂದು ಇಡೀ ದಿನ ಕ್ಯಾಮೆರಾ ಜೊತೆಗಿಟ್ಟುಕೊಂಡಿದ್ದೇನೆ.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ: ಗಣಿತದಿಂದ ತಪ್ಪಿಸಿಕೊಳ್ಳಲು ಈ ವಿಷಯಕ್ಕೆ ಬರುವವರು ದಯವಿಟ್ಟು ಬರಬೇಡಿ. ಹೆಸರಿನಲ್ಲಿ ವ್ಯಾಪಾರ ಇದೆಯೆಂದು ಬಂದು, ಮೊದಲ ವರ್ಷವೇ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಸಿಕ್ಕಿಬಿದ್ದು ಬಿಟ್ಟುಹೋದ ಇಬ್ಬರು ಗೆಳತಿಯರು ನನಗಿದ್ದಾರೆ. ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಇವು ಮೂರನ್ನೂ ದಾಟಿದ ಮೇಲೆಯೇ ವಿದೇಶಿ ವ್ಯಾಪಾರದ ಸಿದ್ಧಾಂತ, ವಿನಿಮಯ ದರ, ಪಾವತಿ ಶಿಲ್ಕು (ದೇಶಕ್ಕೆ ಹೊರಗಿನಿಂದ ಬಂದ ಮತ್ತು ಹೊರಗೆ ಹೋದ ಹಣದ ಲೆಕ್ಕ), ರಫ್ತಿನ ಕಾಗದಪತ್ರಗಳು ಬರುತ್ತವೆ.

ಇದು ನಮ್ಮ ಗ್ರಂಥಾಲಯ. ಮೂರನೆಯ ಕಪಾಟಿನಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಇದ್ದಾನೆ. ಮೊದಲ ವರ್ಷ ಇದೇ ಕ್ಯಾಮೆರಾದ ಮುಂದೆ ಕುಳಿತು, ಇನ್ನೂರು ವರ್ಷ ಹಳೆಯ ಈ ಲೆಕ್ಕದಿಂದ ನಮಗೇನೂ ಆಗಬೇಕಿಲ್ಲ ಎಂದು ಹೇಳಿದ್ದೆ. ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. 1817ರಲ್ಲಿ ಅವನು ಬರೆದ ಲೆಕ್ಕ ಇಷ್ಟೇ: ಗೊತ್ತುಪಡಿಸಿದ ಪ್ರಮಾಣದ ಬಟ್ಟೆಯನ್ನು ತಯಾರಿಸಲು ಇಂಗ್ಲೆಂಡ್‌ನಲ್ಲಿ 100 ಜನರ ಒಂದು ವರ್ಷದ ದುಡಿಮೆ ಬೇಕು, ವೈನ್‌ಗೆ 120 ಜನ ಬೇಕು, ಪೋರ್ಚುಗಲ್‌ನಲ್ಲಿ ಬಟ್ಟೆಗೆ 90, ವೈನ್‌ಗೆ 80 ಸಾಕು. ಎರಡರಲ್ಲಿಯೂ ಪೋರ್ಚುಗಲ್‌ನವರೇ ಮುಂದು. ಹಾಗಿದ್ದೂ ಅವರು ವೈನ್ ಮಾತ್ರ ಮಾಡಿ ಬಟ್ಟೆಯನ್ನು ಇಂಗ್ಲೆಂಡ್‌ನಿಂದ ತರಿಸಿಕೊಂಡರೆ ಇಬ್ಬರಿಗೂ ಲಾಭ. ಇದನ್ನು ತುಲನಾತ್ಮಕ ವೆಚ್ಚದ ಸಿದ್ಧಾಂತವೆಂದು ಬಾಯಿಪಾಠ ಮಾಡಿ ಹತ್ತು ಅಂಕ ತೆಗೆದುಕೊಳ್ಳುವುದು ಸುಲಭ. ನನ್ನ ಮನಸ್ಸು ಬದಲಾದದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಪೋರ್ಚುಗಲ್‌ನ ಒಳಗೆ ಒಂದು ಅಳತೆ ವೈನ್ ಕೊಟ್ಟರೆ ಹೆಚ್ಚುಕಡಿಮೆ 0.89 (80/90) ಅಳತೆ ಬಟ್ಟೆ ಸಿಗುತ್ತದೆ, ಇಂಗ್ಲೆಂಡ್‌ನ ಒಳಗೆ 1.2 (120/100) ಅಳತೆ ಸಿಗುತ್ತದೆ. ಈ ಎರಡು ಅಂಕಿಗಳ ನಡುವೆ ಎಲ್ಲಿಯೇ ವಿನಿಮಯ ಕುದುರಿದರೂ ಇಬ್ಬರಿಗೂ ಒಂದಿಷ್ಟು ಲಾಭ ಉಂಟು. ಆದರೆ 0.9ಕ್ಕೆ ಕುದುರಿದರೆ ಲಾಭದ ಬಹುಪಾಲು ಇಂಗ್ಲೆಂಡಿಗೆ, 1.15ಕ್ಕೆ ಕುದುರಿದರೆ ಪೋರ್ಚುಗಲ್‌ಗೆ. ರಿಕಾರ್ಡೊ ತನ್ನ ಉದಾಹರಣೆಯಲ್ಲಿ ಒಂದಕ್ಕೆ ಒಂದು ಎಂದಿಟ್ಟುಕೊಂಡು ಮುಂದೆ ಹೋದ. ಯಾವ ದರಕ್ಕೆ ಕುದುರುತ್ತದೆ, ಏಕೆ ಕುದುರುತ್ತದೆ ಎಂಬುದನ್ನು ಪರಸ್ಪರ ಬೇಡಿಕೆಯ ಮೂಲಕ, ಅಂದರೆ ಒಬ್ಬರ ಮಾಲು ಇನ್ನೊಬ್ಬರಿಗೆ ಎಷ್ಟು ಬೇಕು ಎಂಬುದರ ಮೂಲಕ, ಸರಿಯಾಗಿ ವಿವರಿಸಿದವನು ಅವನ ನಂತರದ ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್. ಅವನ ಗ್ರಂಥ ಬಂದದ್ದು 1848ರಲ್ಲಿ. ವ್ಯಾಪಾರದಿಂದ ಲಾಭವಿದೆಯೇ ಎನ್ನುವುದು ಒಂದು ಪ್ರಶ್ನೆ, ಆ ಲಾಭ ಯಾರ ಕೈಗೆ ಎಷ್ಟು ಬರುತ್ತದೆ ಎನ್ನುವುದು ಇನ್ನೊಂದು. ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಹುಟ್ಟಿದವಳಿಗೆ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಇದು ಗೋಲಗುಮ್ಮಟ, ಮಧ್ಯಾಹ್ನ ಎರಡು ತರಗತಿಗಳ ನಡುವೆ ಬಿಡುವಿತ್ತೆಂದು ಬಂದೆವು. ಪೋರ್ಚುಗಲ್‌ನ ಮಾತು ಬಂದದ್ದರಿಂದ ಇಲ್ಲಿ ನಿಂತು ಒಂದು ಸಂಗತಿ ಹೇಳಬೇಕು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಿತ್ತುಕೊಂಡದ್ದು ಇದೇ ಊರಿನ ಆದಿಲ್‌ಶಾಹಿಗಳಿಂದ. ರಿಕಾರ್ಡೊನ ಪಟ್ಟಿಯಲ್ಲಿರುವ ವೈನ್ ಮತ್ತು ಬಟ್ಟೆಯ ಹಿಂದೆಯೂ 1703ರ ಮೆಥುಯನ್ ಒಪ್ಪಂದ ಇದೆ. ಇಂಗ್ಲೆಂಡ್‌ನ ಉಣ್ಣೆ ಬಟ್ಟೆಯನ್ನು ಪೋರ್ಚುಗಲ್ ಒಳಗೆ ಬಿಟ್ಟುಕೊಂಡಿತು. ಪೋರ್ಚುಗಲ್‌ನ ವೈನ್‌ಗೆ ಫ್ರಾನ್ಸ್‌ನ ವೈನ್‌ಗಿಂತ ಮೂರನೆಯ ಒಂದು ಪಾಲು ಕಡಿಮೆ ಸುಂಕವೆಂದು ಇಂಗ್ಲೆಂಡ್ ಒಪ್ಪಿತು. ಪಟ್ಟಿಯಲ್ಲಿ ಸುಂಕವೂ ಕಾಣುವುದಿಲ್ಲ, ಹಡಗಿನ ಬಾಡಿಗೆಯೂ ಕಾಣುವುದಿಲ್ಲ, ಫಿರಂಗಿಗಳೂ ಕಾಣುವುದಿಲ್ಲ. ಈ ಇತಿಹಾಸವನ್ನು ಸಿದ್ಧಾಂತದ ಜೊತೆಗೇ ಕಲಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ನಮಗೆ ಅದನ್ನು ಬೇರೆ ಸೆಮಿಸ್ಟರ್‌ನಲ್ಲಿ, ಬೇರೆ ಪತ್ರಿಕೆಯಾಗಿ ಕೊಟ್ಟರು. ಗೆಳತಿ ಕೈ ಬೀಸುತ್ತಿದ್ದಾಳೆ, ತರಗತಿಗೆ ಹೊತ್ತಾಯಿತು.

ಈಗ ಕಾಣುತ್ತಿರುವುದು ನನ್ನ ನೋಟ್‌ಬುಕ್. ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದ ಎರಡು ಪದಗಳ ಕಥೆಯನ್ನು ಹೇಳಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತೇನೆ.

ಐದನೆಯ ಸೆಮಿಸ್ಟರ್‌ನಲ್ಲಿ ಕೆಲಸ ಕಲಿಯಲೆಂದು ಒಣದ್ರಾಕ್ಷಿ ರಫ್ತು ಮಾಡುವ ಒಬ್ಬ ವ್ಯಾಪಾರಿಯ ಕಚೇರಿಗೆ ಒಂದು ತಿಂಗಳು ಹೋಗಿದ್ದೆ. ಕೊಲ್ಲಿ ದೇಶದ ಒಬ್ಬ ಖರೀದಿದಾರರು ಎಲ್‌ಸಿ ಕಳುಹಿಸಿದ್ದರು. ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಎಂದರೆ, ನೀವು ನಾವು ಹೇಳಿದ ಕಾಗದಗಳನ್ನು ಹೇಳಿದ ರೀತಿಯಲ್ಲಿ ತಂದುಕೊಟ್ಟರೆ ಹಣ ಕೊಡುತ್ತೇವೆಂದು ಖರೀದಿದಾರರ ಬ್ಯಾಂಕು ಬರೆದುಕೊಡುವ ಭರವಸೆ. ಅದರಲ್ಲಿ ಮಾಲಿನ ವಿವರ ‘ಇಂಡಿಯನ್ ಗ್ರೀನ್ ರೇಸಿನ್ಸ್’ (ಭಾರತದ ಹಸಿರು ಒಣದ್ರಾಕ್ಷಿ) ಎಂದಿತ್ತು. ಇನ್‌ವಾಯ್ಸ್ (ಮಾರಾಟದ ಬಿಲ್ಲು) ಟೈಪ್ ಮಾಡುವ ಕೆಲಸ ನನ್ನದು. ತರಗತಿಯಲ್ಲಿ ಎಚ್‌ಎಸ್ ಕೋಡ್ ಪಾಠ ಆಗತಾನೇ ಮುಗಿದಿತ್ತು. ಜಗತ್ತಿನ ಸರಕುಗಳಿಗೆಲ್ಲ 1988ರಿಂದ ಒಂದೇ ಆರು ಅಂಕಿಯ ಸಂಖ್ಯಾಪದ್ಧತಿ ಇದೆ, ಅದರಲ್ಲಿ ದ್ರಾಕ್ಷಿ 0806, ಒಣಗಿದ ದ್ರಾಕ್ಷಿ 080620 ಎಂದು ನನಗೆ ಬಾಯಿಗೆ ಬರುತ್ತಿತ್ತು. ಆ ಪಟ್ಟಿಯ ಭಾಷೆಯೇ ಹೆಚ್ಚು ಶಾಸ್ತ್ರೀಯವೆಂದು ನಂಬಿ, ಇನ್‌ವಾಯ್ಸ್‌ನಲ್ಲಿ ‘ಡ್ರೈಡ್ ಗ್ರೇಪ್ಸ್’ ಎಂದು ಬರೆದೆ. ತೂಕ ಸರಿ, ಪೆಟ್ಟಿಗೆಗಳ ಎಣಿಕೆ ಸರಿ, ದರ ಸರಿ. ಮಾಲು ನ್ಹಾವಾ ಶೇವಾ ಬಂದರಿನಿಂದ ಹಡಗು ಹತ್ತಿ ಹೋಗಿತ್ತು.

ಬ್ಯಾಂಕು ಕಾಗದಗಳನ್ನು ಒಪ್ಪಲಿಲ್ಲ. ಎಲ್‌ಸಿಗಳಿಗೆ ಯುಸಿಪಿ 600 ಎಂಬ ನಿಯಮಾವಳಿ ಇದೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ರೂಪಿಸಿದ ಇದು 2007ರ ಜುಲೈ 1ರಿಂದ ಜಾರಿಯಲ್ಲಿದೆ, ಒಟ್ಟು 39 ವಿಧಿಗಳು. ಬ್ಯಾಂಕುಗಳು ವ್ಯವಹರಿಸುವುದು ಕಾಗದಗಳೊಂದಿಗೆ, ಸರಕಿನೊಂದಿಗಲ್ಲ ಎಂದು 5ನೆಯ ವಿಧಿ ಹೇಳುತ್ತದೆ. ಇನ್‌ವಾಯ್ಸ್‌ನಲ್ಲಿರುವ ಸರಕಿನ ವಿವರ ಎಲ್‌ಸಿಯಲ್ಲಿರುವ ವಿವರಕ್ಕೆ ಹೊಂದಬೇಕೆಂದು 18ನೆಯ ವಿಧಿ ಹೇಳುತ್ತದೆ. ಪ್ಯಾಕಿಂಗ್ ಪಟ್ಟಿಯಂಥ ಉಳಿದ ಕಾಗದಗಳಲ್ಲಿ ವಿರೋಧ ಬಾರದಂತೆ ಸಾಮಾನ್ಯ ಪದ ಬಳಸಿದರೂ ನಡೆಯುತ್ತದೆ, ಇನ್‌ವಾಯ್ಸ್‌ನಲ್ಲಿ ಮಾತ್ರ ಆ ಸಡಿಲಿಕೆ ಇಲ್ಲ. ತಪ್ಪನ್ನು ತಿದ್ದಿ ಮತ್ತೆ ಕೊಡಲು ಅವಕಾಶವಿರುತ್ತದೆ. ಆದರೆ ನಾವು ಕಾಗದ ಸಲ್ಲಿಸಿದ್ದೇ ಎಲ್‌ಸಿಯ ಕೊನೆಯ ದಿನ. ಬ್ಯಾಂಕಿಗೆ ಪರಿಶೀಲಿಸಲು ಐದು ಕೆಲಸದ ದಿನಗಳಿರುತ್ತವೆ, ಆಕ್ಷೇಪ ಬರುವಷ್ಟರಲ್ಲಿ ನಮ್ಮ ಗಡುವು ಮುಗಿದಿತ್ತು. ಖರೀದಿದಾರರು ಆ ವ್ಯತ್ಯಾಸವನ್ನು ತಾವು ಒಪ್ಪಿದ್ದೇವೆಂದು ಬರೆದುಕೊಡುವವರೆಗೆ ಹದಿನಾಲ್ಕು ದಿನ ಕಾದೆವು. ಬ್ಯಾಂಕು ವ್ಯತ್ಯಾಸ ಶುಲ್ಕವೆಂದು ಎಪ್ಪತ್ತೈದು ಡಾಲರ್ ಮುರಿದುಕೊಂಡಿತು. ಅದಕ್ಕಿಂತ ದೊಡ್ಡ ಹೊರೆ ಎಂದರೆ ಆ ಮಾಲಿನ ಮೇಲೆ ಮಾಲೀಕರು ತೆಗೆದಿದ್ದ ಸಾಲದ ಹದಿನಾಲ್ಕು ದಿನಗಳ ಬಡ್ಡಿ.

ಆ ಹದಿನಾಲ್ಕು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಾಲೀಕರು ಬಯ್ಯಲಿಲ್ಲ. “ತಂಗಿ, ಬ್ಯಾಂಕಿನವ್ರು ಮಾಲ ನೋಡೂದಿಲ್ಲವಾ, ಕಾಗದ ನೋಡ್ತಾರ. ಅದರಾಗ ಹ್ಯಾಂಗೈತಿ ಹಂಗ ಬರೀಬೇಕು” ಎಂದರು. ಮನೆಯಲ್ಲಿ ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಯವ್ವಾ, ನಾವು ಮಣೂಕ ಅಂತೀವಿ, ಪ್ಯಾಟ್ಯಾಗ ಒಣದ್ರಾಕ್ಷಿ ಅಂತಾರ. ಎರಡೂ ಒಂದ ಅಲ್ಲೇನು?” ಎಂದು ಕೇಳಿದರು. ಒಂದೇ. ಆದರೆ ದೂರದ ದೇಶದಲ್ಲಿ, ಮಾಲನ್ನು ಕಣ್ಣಿನಿಂದ ನೋಡದೆ, ಎಂದೂ ಭೇಟಿಯಾಗದ ವ್ಯಾಪಾರಿಯ ಹೆಸರಿನಲ್ಲಿ ಹಣ ಕೊಡಬೇಕಾದ ಗುಮಾಸ್ತನಿಗೆ, ರೇಸಿನ್ ಮತ್ತು ಒಣಗಿದ ದ್ರಾಕ್ಷಿ ಒಂದೇ ಎಂದು ತೀರ್ಮಾನಿಸುವ ಅಧಿಕಾರ ಇಲ್ಲ. ಆ ಅಧಿಕಾರ ಕೊಟ್ಟರೆ, ನಾಳೆ ಬೇರೊಬ್ಬ ಗುಮಾಸ್ತ ಮೊದಲ ದರ್ಜೆಯ ಮಾಲಿಗೂ ಮೂರನೆಯ ದರ್ಜೆಯ ಮಾಲಿಗೂ ವ್ಯತ್ಯಾಸವಿಲ್ಲವೆಂದು ತೀರ್ಮಾನಿಸಬಹುದು. ಆ ವಾರ ಈ ನಿಯಮ ನನಗೆ ಬರೀ ಹಟವೆನಿಸಿತ್ತು. ಈಗ ಹಾಗೆನಿಸುವುದಿಲ್ಲ, ಪರಿಚಯವಿಲ್ಲದವರ ನಡುವೆ ವ್ಯಾಪಾರ ನಡೆಯಲು ಈ ಬಿಗಿ ಬೇಕು. ಆದರೂ ಬಡ್ಡಿಯ ನೆನಪು ಬಂದಾಗ ಹೊಟ್ಟೆ ಹಿಂಡುತ್ತದೆ. ಮಿಲ್ ಕೇಳಿದ ಪ್ರಶ್ನೆಗೆ, ಅಂದರೆ ಲಾಭ ಯಾರ ಕೈಗೆ ಎಷ್ಟು ಬರುತ್ತದೆ ಎಂಬುದಕ್ಕೆ, ಉತ್ತರದ ಒಂದು ತುಣುಕು ಇಂಥ ಎರಡು ಪದಗಳಲ್ಲಿಯೂ ಇರುತ್ತದೆಂದು ನನಗೆ ತಿಳಿದದ್ದು ಆಗ.

ಕಾಗದದ ಮಾತಿನಲ್ಲಿಯೇ ಇನ್ನೊಂದು. ಬೆಲೆ ಹೇಳುವಾಗ ಯಾರ ಖರ್ಚು ಎಲ್ಲಿಯವರೆಗೆ ಎಂದು ತಿಳಿಸುವ ಇನ್‌ಕೋಟರ್ಮ್ಸ್ ನಿಯಮಗಳು 1936ರಿಂದ ಇವೆ, 2020ರ ಆವೃತ್ತಿಯಲ್ಲಿ 11 ಪದಗಳಿವೆ. ಕಂಟೇನರ್ ಮಾಲಿಗೆ ಎಫ್‌ಒಬಿ (ಮಾಲು ಹಡಗು ಹತ್ತುವವರೆಗೆ ಹೊಣೆ ಮಾರುವವನದು) ಬೇಡ, ಎಫ್‌ಸಿಎ (ಸಾಗಣೆದಾರನ ಕೈಗೆ ಒಪ್ಪಿಸುವವರೆಗೆ ಮಾತ್ರ) ಬಳಸಿ ಎಂದು ಆ ಪುಸ್ತಕವೇ ಹೇಳುತ್ತದೆ, ಏಕೆಂದರೆ ಕಂಟೇನರ್ ಹಡಗು ಹತ್ತುವುದಕ್ಕೆ ಎಷ್ಟೋ ಮೊದಲೇ ನಮ್ಮ ಕೈಬಿಟ್ಟು ಹೋಗಿರುತ್ತದೆ. ನಾನಿದ್ದ ಕಚೇರಿಯಲ್ಲಿ ಹೊರಟ ಪ್ರತಿಯೊಂದು ಕಾಗದದಲ್ಲಿಯೂ ಎಫ್‌ಒಬಿ ಎಂದೇ ಇರುತ್ತಿತ್ತು. ಇದು ತಪ್ಪು ಅಭ್ಯಾಸ. ಹಡಗು ಹತ್ತುವ ಮೊದಲು ದಾರಿಯಲ್ಲಿ ಏನಾದರೂ ಆದರೆ ಪೆಟ್ಟು ಬೀಳುವುದು ಮಾರುವವನಿಗೆ.

ಶೆಡ್‌ಗೆ ಬಂದೆವು. ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡಿರುವುದು ಹನ್ನೆರಡನೆಯ ದಿನದ ಹಣ್ಣು. ಹತ್ತಿರದಿಂದ ನೋಡಿ: ತೊಟ್ಟಿನ ಕಡೆ ಇನ್ನೂ ಹಸಿರು, ತುದಿಯಲ್ಲಿ ಜೇನಿನ ಬಣ್ಣ ಇಳಿಯುತ್ತಿದೆ, ಬೆರಳಿನಿಂದ ಒತ್ತಿದರೆ ರಸ ಬರುವುದಿಲ್ಲ, ಅಂಟುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ ಎಂಬುದು ಅಪ್ಪನ ಲೆಕ್ಕ. ಒಣಗಿದ ಮೇಲೆ ಮಾಲು ಮಹಾರಾಷ್ಟ್ರದ ತಾಸಗಾಂವಕ್ಕೆ ಲಿಲಾವಿಗೆ (ಹರಾಜಿಗೆ) ಹೋಗುತ್ತದೆ.

ಇದೇ ಶೆಡ್‌ನಲ್ಲಿ ಅಪ್ಪ ಒಮ್ಮೆ, “ಡಾಲರ್ ಏರಿದ್ರ ನಮಗ ಏನರ ಹೆಚ್ಚಗಿ ಸಿಗತೈತೇನು?” ಎಂದು ಕೇಳಿದ್ದರು. ಎರಡನೆಯ ವರ್ಷದಲ್ಲಿದ್ದ ನಾನು ಹೌದೆಂದೆ: ರೂಪಾಯಿ ಅಗ್ಗವಾದರೆ ರಫ್ತಿಗೆ ಲಾಭ. ಈಗ ಅಷ್ಟು ಸಲೀಸಾಗಿ ಹೇಳಲಾರೆ. ನಮ್ಮ ಮಾಲು ಮಾರಾಟವಾಗುವುದು ರೂಪಾಯಿಯಲ್ಲಿ. ಅದಕ್ಕೆ ಮಾರುಕಟ್ಟೆಯಲ್ಲಿ ಎದುರಾಗಿ ನಿಲ್ಲುವುದು ಅಫ್ಘಾನಿಸ್ತಾನದ ಒಣದ್ರಾಕ್ಷಿ. 2003ರಲ್ಲಿ ಆ ದೇಶದೊಂದಿಗೆ ಭಾರತ ಮಾಡಿಕೊಂಡ ಆದ್ಯತಾ ವ್ಯಾಪಾರ ಒಪ್ಪಂದದಲ್ಲಿ ಒಣಹಣ್ಣುಗಳಿಗೆ ಸುಂಕದ ರಿಯಾಯಿತಿ ಸಿಕ್ಕಿತು. ಡಾಲರ್ ಏರಿದರೆ ಹೊರಗಿನ ಮಾಲು ರೂಪಾಯಿ ಲೆಕ್ಕದಲ್ಲಿ ದುಬಾರಿಯಾಗುತ್ತದೆ, ಅಷ್ಟರಮಟ್ಟಿಗೆ ನಮಗೆ ಅನುಕೂಲ. ಆದರೆ ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವನ್ನು ದೇಶ ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಗಿನಿಂದಲೇ ತರಿಸುತ್ತದೆ, ಡೀಸೆಲ್‌ನ ಮೂಲವೂ ಬಹುಪಾಲು ಹೊರಗಿನದೇ. ಗೊಬ್ಬರದ ಖರ್ಚು ಜೂನ್‌ನಲ್ಲಿ ಬರುತ್ತದೆ, ಮಾರಾಟದ ಹಣ ಏಪ್ರಿಲ್ ನಂತರ. ಹೀಗಾಗಿ ಡಾಲರ್ ಎಷ್ಟು ಏರಿತು ಎನ್ನುವಷ್ಟೇ ಮುಖ್ಯ, ಯಾವ ತಿಂಗಳಲ್ಲಿ ಏರಿತು ಎನ್ನುವುದು. ಈ ಉತ್ತರವನ್ನು ಅಪ್ಪನಿಗೆ ಹೇಳಿದಾಗ ಅವರು ತಮ್ಮ ಹಳೆಯ ಡೈರಿಗಳನ್ನು ತಂದುಕೊಟ್ಟರು. ಅವೇ ನನ್ನ ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಆಗಿವೆ.

ಅವ್ವ ಚಹಾ ತಂದಳು. ಅವಳ ಕೈಯಲ್ಲಿ ಬಳೆ ಇಲ್ಲದಿರುವುದನ್ನು ಕೆಲವರು ಗಮನಿಸಿರಬಹುದು. ಸುಗ್ಗಿ ಮುಗಿಯುವವರೆಗೆ ಅವು ಸೊಸೈಟಿಯಲ್ಲಿ ಒತ್ತೆ ಇರುತ್ತವೆ, ಮಾಲು ಮಾರಿದ ಮೇಲೆ ಬಿಡಿಸಿಕೊಳ್ಳುತ್ತೇವೆ. 1991ರ ಪಾಠ ಮಾಡುವಾಗ ನಮ್ಮ ಗುರುಗಳು, ದೇಶದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಾಗ ಸುಮಾರು 47 ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಒತ್ತೆ ಇಡಲಾಯಿತೆಂದೂ, ಅದೇ ಜುಲೈನಲ್ಲಿ ಎರಡು ಹಂತಗಳಲ್ಲಿ ರೂಪಾಯಿಯ ಅಪಮೌಲ್ಯವಾಯಿತೆಂದೂ ಹೇಳಿದರು. ತರಗತಿಯಲ್ಲಿ ಎಲ್ಲರೂ ಬರೆದುಕೊಳ್ಳುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು ಅವ್ವನ ಕೈಗಳನ್ನೇ ನೆನೆಯುತ್ತಿದ್ದೆ. ಪಾವತಿ ಶಿಲ್ಕು ಎಂಬ ಪದದ ಅರ್ಥವನ್ನು ಆ ದಿನದ ನಂತರ ನಾನು ಪುಸ್ತಕದಲ್ಲಿ ಹುಡುಕಿಲ್ಲ.

ಹೊರಗೆ ಲಾರಿ ಬಂದು ನಿಂತಿದೆ, ಮೊದಲ ಕಂತಿನ ಪೆಟ್ಟಿಗೆಗಳು ಈ ರಾತ್ರಿಯೇ ಹೊರಡಬೇಕು. ಅಪ್ಪ ಮಾರ್ಕರ್ ಪೆನ್ನನ್ನು ನನ್ನ ಕೈಗೆ ಕೊಟ್ಟು, ಪೆಟ್ಟಿಗೆಗಳ ಮೇಲೆ ಹೆಸರು ಬರೆಯಲು ಹೇಳುತ್ತಿದ್ದಾರೆ. ಅಡತ್ ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಏನು ಬರೆದಿದೆಯೋ ನೋಡಿಕೊಂಡು, ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಯುತ್ತೇನೆ: ಮಣೂಕ, ಹಸಿರು, 15 ಕಿಲೋ.