ಪಿ0011 ಬಂತು, ಚೈನ್ ಬಿಚ್ಚಲಿಲ್ಲ

ಈ ಗಡಗಡ ಸದ್ದು ಕೇಳಿಸುತ್ತಿದೆ ಅಲ್ವಾ? ಇದು ಖೇಡ್ ಶಿವಾಪುರ ಟೋಲ್ ಸಾಲಿನಲ್ಲಿ ರೆಕಾರ್ಡ್ ಆಗಿದ್ದು. ಪುಣೆಯಿಂದ ಬೆಳಗಾವಿಗೆ ಅಂತ ಹೊರಟಿದ್ದೆ, ಕಾತ್ರಜ್ ದಾಟಿ ಅರ್ಧ ಗಂಟೆಯೂ ಆಗಿರಲಿಲ್ಲ, ಗಾಡಿ ನಿಂತಲ್ಲೇ ನಡುಗತೊಡಗಿತು, ಜೊತೆಗೆ ಹಳದಿ ಚೆಕ್ ಎಂಜಿನ್ ದೀಪ. ಮುಂದೆ ಖಂಬಾಟ್ಕಿ ಘಾಟ್ ಇತ್ತು. ಧೈರ್ಯ ಬರಲಿಲ್ಲ, ವಾಪಸ್ ತಿರುಗಿಸಿದೆ.

ಮನೆ ಹತ್ತಿರದ ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಪಿ0011 ಅನ್ನೋ ದೋಷದ ಕೋಡ್ ಬಂದಿದೆ ಅಂದರು. ಅದರ ಬೆನ್ನಿಗೇ ಕ್ಯಾಮ್ ಫೇಸರ್ (ಎಂಜಿನ್ ವಾಲ್ವ್ ತೆರೆಯುವ ಕ್ಯಾಮ್ ದಂಡದ ಕೋನ ಬದಲಿಸುವ ಭಾಗ), ಟೈಮಿಂಗ್ ಚೈನ್ (ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಚೈನ್) ಎರಡೂ ಬದಲಿಸಬೇಕು ಅಂದರು. ಎಸ್ಟಿಮೇಟ್ ನೋಡುತ್ತಾ ಕೂತಲ್ಲೇ ನನ್ನ ಚಹಾ ಆರಿಹೋಯಿತು. ಆದರೆ ಯಾವ ಪಾರ್ಟ್ ಕೆಟ್ಟಿದೆ ಅಂತ ಕೋಡ್ ಹೇಳುವುದಿಲ್ಲ. ಗಾಳಿ ಒಳಗೆ ಬಿಡುವ ಇನ್‌ಟೇಕ್ ಕ್ಯಾಮ್ ಇರಬೇಕಾದ ಕೋನಕ್ಕಿಂತ ಮುಂದೆ ಹೋಗಿದೆ, ಎಂಜಿನ್ ಕಂಪ್ಯೂಟರ್ ಕರೆದರೂ ವಾಪಸ್ ಬರುತ್ತಿಲ್ಲ, ಪಿ0011 ಅಂದರೆ ಇಷ್ಟೇ. ಆ ಕೋನ ಬದಲಿಸಲು ಕರೆಂಟಿನಿಂದ ಸರಿಯುವ ವಾಲ್ವ್, ಅಂದರೆ ಸೊಲೆನಾಯ್ಡ್, ಅದರ ವೈರಿಂಗ್ ಹೋಗಿದ್ದರೆ ಪಿ0010 ಬರುತ್ತದೆ. ಚೈನ್ ಹಲ್ಲು ಹಾರಿ ಕ್ಯಾಮಿಗೂ ಕ್ರ್ಯಾಂಕಿಗೂ ಲೆಕ್ಕ ತಪ್ಪಿದ್ದರೆ ಸಾಮಾನ್ಯವಾಗಿ ಪಿ0016. ನನ್ನದರಲ್ಲಿ ಅವೆರಡೂ ಇರಲಿಲ್ಲ, ಮತ್ತೆ ಚೈನ್ ಯಾಕೆ?

ಹಡಪ್ಸರ್‌ನಲ್ಲಿ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಬಾನೆಟ್ ಎತ್ತಿದವರು ಸ್ಕ್ಯಾನರ್ ಮುಟ್ಟಲೇ ಇಲ್ಲ, ಡಿಪ್‌ಸ್ಟಿಕ್ ಎಳೆದರು. "ಆಯಿಲ್ ಯಾವಾಗ ನೋಡೀರಿ ಸರ?" ನಾನು ಸುಮ್ನೆ ನಿಂತೆ. ಕೆಳಗಿನ ಗೆರೆಗಿಂತಲೂ ಕೆಳಗೆ, ಅದೂ ಡಾಂಬರಿನ ಹಾಗೆ. ಹಿಂದೊಮ್ಮೆ ದಾರಿಯಲ್ಲಿ ಸಿಕ್ಕಿದ 20ಡಬ್ಲ್ಯು-50 ಅನ್ನೋ ದಪ್ಪ ಆಯಿಲ್ ಸುರಿದಿದ್ದೆ, ಗಾಡಿಗೆ ಬೇಕಿದ್ದು ತೆಳು 5ಡಬ್ಲ್ಯು-30. ನನ್ನ ಎಂಜಿನ್‌ನಲ್ಲಿ ಕ್ಯಾಮ್ ಕೋನ ಬದಲಿಸುವುದು ಈ ಆಯಿಲ್ ಒತ್ತಡವೇ. ಆಯಿಲ್ ಕಂಟ್ರೋಲ್ ವಾಲ್ವ್ ಅಂತ ಬೆರಳುದ್ದದ ಒಂದು ಸೊಲೆನಾಯ್ಡ್ ಇರುತ್ತದೆ, ಅದು ಆಯಿಲನ್ನು ಈ ಕಡೆ ಬಿಟ್ಟರೆ ಕ್ಯಾಮ್ ಮುಂದೆ, ಆ ಕಡೆ ಬಿಟ್ಟರೆ ಹಿಂದೆ, ಕೊಳೆ ಕೂತರೆ ಎಲ್ಲಿತ್ತೋ ಅಲ್ಲೇ ಕಚ್ಚಿಕೊಳ್ಳುತ್ತದೆ.

ಒಂದೇ 10 ಎಂಎಂ ಬೋಲ್ಟ್, ವಾಲ್ವ್ ಕೈಗೆ ಬಂತು. ಇಲ್ಲಿ ಹತ್ತಿರದಿಂದ ನೋಡಿ, ಜಾಲರಿ ತುಂಬ ಕಪ್ಪು ಗಸಿ. ಮಲ್ಟಿಮೀಟರ್ 7.3 ಓಮ್ ತೋರಿಸಿತು, ನನ್ನ ಗಾಡಿಯ ಸರ್ವಿಸ್ ಮ್ಯಾನ್ಯುವಲ್‌ನಲ್ಲಿ 6.9ರಿಂದ 7.9 ಅಂತ ಇದೆ, ಕಾಯಿಲ್ ಸರಿ. 12 ವೋಲ್ಟ್ ತಾಗಿಸಿದರೆ ಟಕ್ ಅನ್ನಬೇಕಿತ್ತು. ಅನ್ನಲಿಲ್ಲ, ಅರ್ಧ ಸರಿದು ನಿಂತಿತು. ಕ್ಲೀನರ್ ಸ್ಪ್ರೇ ಹೊಡೆದು, ಮತ್ತೆ ತಾಗಿಸಿ, ಮತ್ತೆ ಹೊಡೆದು, ನಾಲ್ಕನೇ ಸಲ... ಟಕ್! ನಾನಾ ಪೇಠೆಯಿಂದ ಹೊಸ ಓ-ರಿಂಗ್ ತಂದು, ಆಯಿಲ್, ಫಿಲ್ಟರ್ ಬದಲಿಸಿ, ಆಮೇಲೆ ಕೋಡ್ ಅಳಿಸಿದೆವು. ಮೊದಲೇ ಅಳಿಸಿದ್ದರೆ ದೀಪ ಆರುತ್ತಿತ್ತು, ನಡುಕ ಹಾಗೇ ಇರುತ್ತಿತ್ತು.

ಇದು ಗಾಡಿಗೆ ಸಿಕ್ಕಿಸಿ ಫೋನಿನಲ್ಲಿ ರೀಡಿಂಗ್ ನೋಡುವ ನನ್ನ ಬ್ಲೂಟೂತ್ ಡಾಂಗಲ್‌ನ ಲೈವ್ ಡೇಟಾ. ಮುಂಚೆ ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ, ಅಂದರೆ ಐಡಲ್‌ನಲ್ಲಿ ಕಂಪ್ಯೂಟರ್ 0 ಡಿಗ್ರಿ ಕೇಳಿದರೆ ಕ್ಯಾಮ್ 18ರಲ್ಲಿ ಕೂತಿತ್ತು. ಈಗ ನೋಡಿ, 0, 1, ಮತ್ತೆ 0.

"ಮತ್ತ ಬಂತಂದ್ರ ಫೇಸರ್ ಬಿಚ್ಚೂಣ್ರಿ" ಅಂದಿದ್ದಾರೆ ಮೆಕ್ಯಾನಿಕ್. ಶನಿವಾರ ಬೆಳಗಾವಿಗೆ ಹೊರಟಿದ್ದೇನೆ, ಡಾಂಗಲ್ ತೆಗೆದಿಲ್ಲ, ಅದೇ ಟೋಲ್ ಸಾಲಿನಲ್ಲಿ ಎಷ್ಟು ಡಿಗ್ರಿ ಅಂತ ನೋಡಬೇಕು.